ಹೆಳವರ ಪುಸ್ತಕ, ಅಜ್ಜನ ಉತಾರ, ಆಯಿಯ ನೆನಪು

ಸುಗ್ಗಿ ಮುಗಿದು ಕಣದ ಜೋಳ ಮನೆ ಸೇರಿದ ಮೇಲೆ ನಮ್ಮ ವಿಜಯಪುರ ಕಡೆಯ ಊರುಗಳಿಗೆ ಹೆಳವರು ಬರುತ್ತಾರೆ. ಮೊದಲು ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುತ್ತಿದ್ದರು, ಈಗ ಬೈಕಿನ ಮೇಲೆ ಬರುವವರೂ ಇದ್ದಾರೆ. ಮನೆ ಮುಂದೆ ಕುಳಿತು ಆ ಮನೆತನದ ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನವರೆಗೆ ಹೆಸರು ಓದುತ್ತಾರೆ. ಯಾವ ಊರಿನಿಂದ ಬಂದವರು, ಯಾವ ಬರದಲ್ಲಿ ಗುಳೆ ಎದ್ದವರು, ಮನೆದೇವರು ಯಾವುದು, ಯಾರ ಕಾಲಕ್ಕೆ ಮನೆ ಎರಡಾಯಿತು ಎಲ್ಲವೂ ಅವರ ಬಳಿ ಇರುತ್ತದೆ. ಕೇಳಿದ ಮನೆಯವರು ಕಾಳು, ಬಟ್ಟೆ, ದುಡ್ಡು ಕೊಡುತ್ತಾರೆ. ಅನುಕೂಲಸ್ಥರು ಕರು ಕೊಟ್ಟು ಕಳಿಸಿದ್ದೂ ಉಂಟು.

ಇದು ಇತ್ತೀಚಿನ ವೃತ್ತಿಯಲ್ಲ. ಎಡ್ಗರ್ ಥರ್ಸ್ಟನ್ ಅವರು ಕೆ. ರಂಗಾಚಾರಿ ಅವರ ನೆರವಿನಿಂದ 1909ರಲ್ಲಿ ಹೊರತಂದ, ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕುರಿತ 7 ಸಂಪುಟಗಳಲ್ಲಿ ಬಳ್ಳಾರಿ ಸೀಮೆಯ ಹೆಳವರ ಪ್ರಸ್ತಾಪವಿದೆ. ಕಾಲಿಗೆ ಕಂಬಳಿ ಮುಚ್ಚಿಕೊಂಡು ಎತ್ತಿನ ಮೇಲೆ ಬರುತ್ತಾರೆ, ಮನೆ ಮನೆಗೆ ಹೋಗಿ ಆ ಮನೆಯ ಚರಿತ್ರೆ, ಯುದ್ಧದಲ್ಲಿ ಮಡಿದವರ ಹೆಸರು ಹೇಳುತ್ತಾರೆ ಎಂದು ಅಲ್ಲಿ ಬರೆದಿದೆ. ಹೆಳವ ಎಂದರೆ ಕಾಲಿಲ್ಲದವ, ಕಂಬಳಿ ಮುಚ್ಚುವುದು ಅದಕ್ಕೇ. ನಡೆಯಲಾರದವರು ಎಂಬ ಹೆಸರು ಹೊತ್ತವರು ಇಡೀ ಸೀಮೆ ತಿರುಗಿ ನಮ್ಮ ಲೆಕ್ಕ ಇಟ್ಟಿದ್ದಾರೆ, ಕಾಲಿದ್ದ ನಾವು ಮುತ್ತಜ್ಜನ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ.

ಹೆಳವರ ಓದಿನ ಒಂದು ಗುಣ ನನಗೆ ಬಹಳ ಹಿಡಿಸುತ್ತದೆ. ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರ ಮನೆಗಳಿಗೆ ಅವರು ಎರಡು ಚರಿತ್ರೆ ಹೇಳುವುದಿಲ್ಲ. ಕವಲು ಒಡೆಯುವ ತನಕ ಅವೇ ಹೆಸರು, ಅದೇ ಊರು, ಅದೇ ದೇವರು. ನಮ್ಮ ಓಣಿಯಲ್ಲಿ ನಮ್ಮ ಮನೆಯಲ್ಲಿ ಓದಿದ ಏಳು ಹೆಸರನ್ನೇ ಗೋಡೆಯಾಚೆಯ ಕಾಕಾನ ಮನೆಯಲ್ಲೂ ಓದುತ್ತಿದ್ದರು. ಆಗ ಆ ಎರಡು ಮನೆಗಳ ನಡುವೆ ಮಾತಿರಲಿಲ್ಲ. ಮಣ್ಣಿಗೆ ಬರುತ್ತಿದ್ದರು, ಮದುವೆಗೆ ಬರುತ್ತಿರಲಿಲ್ಲ.

ಆ ಜಗಳದ ಬೇರು ಭೂಸುಧಾರಣೆಯ ಕಾಲದ್ದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಗೇಣಿಗೆ ಮಾಡುತ್ತಿದ್ದ ಭೂಮಿ ಸರ್ಕಾರಕ್ಕೆ ಸೇರಿ, ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಿದರೆ ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಹಕ್ಕು ಕೊಡುತ್ತಿತ್ತು. ಲಕ್ಷಾಂತರ ಮನೆಗಳಿಗೆ ಅನ್ನ ಕೊಟ್ಟ ಕಾಯ್ದೆ ಇದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಜಿಯ ಮೇಲೆ ಬೀಳುತ್ತಿದ್ದುದು ಬಹುಮಟ್ಟಿಗೆ ಒಬ್ಬರ ಹೆಸರು, ಮನೆಯ ಹಿರಿಯನದು. ಕೂಡಿದ ಮನೆಯಲ್ಲಿ ನಾಲ್ಕು ಜನ ದುಡಿದ ಹೊಲ ಉತಾರದಲ್ಲಿ ಒಬ್ಬನದಾಯಿತು. ಆ ಒಬ್ಬ ಬದುಕಿರುವ ತನಕ ತೊಂದರೆ ಕಾಣಲಿಲ್ಲ. ಅವನು ಸತ್ತ ಮೇಲೆ ವಾರಸಾ ಹಚ್ಚುವಾಗ ಅವನ ಮಕ್ಕಳ ಹೆಸರು ಮಾತ್ರ ಬಂತು, ತಮ್ಮನ ಮಕ್ಕಳು ಹೊರಗುಳಿದರು. ಕೋರ್ಟುಗಳಲ್ಲಿ ಇಂಥ ವಾಟ್ನಿ ದಾವೆಗಳಿಗೆ ಲೆಕ್ಕವಿಲ್ಲ. ವರದಿಗೆಂದು ತಾಲೂಕು ಕೋರ್ಟಿನ ಕಟ್ಟೆಯ ಮೇಲೆ ಕುಳಿತಾಗಲೆಲ್ಲ ಇಂಥ ಒಂದಾದರೂ ಕಥೆ ನನ್ನ ಕಿವಿಗೆ ಬೀಳುತ್ತದೆ.

ನಮ್ಮದೂ ಅದೇ. 11 ಎಕರೆ 20 ಗುಂಟೆ ನನ್ನ ಅಜ್ಜನ ಹೆಸರಿನಲ್ಲಿತ್ತು. ಸಣ್ಣಜ್ಜನ ಮಕ್ಕಳು "ನಿಮ್ಮಪ್ಪ ನಮ್ಮಪ್ಪಗ ಮೋಸ ಮಾಡ್ಯಾನ" ಎನ್ನುತ್ತಿದ್ದರು. ನಮ್ಮ ಮನೆಯವರದು "ಅವರಪ್ಪ ಹೊಲಾ ಬಿಟ್ಟು ಓಡಿ ಹೋಗಿದ್ದ, ಈಗೆಲ್ಲಿ ಪಾಲು" ಎಂಬ ವಾದ. ಎರಡೂ ಮಾತು ಮಕ್ಕಳಿಂದ ಮೊಮ್ಮಕ್ಕಳಿಗೆ ಹಾಗೇ ದಾಟಿದ್ದವು. ಸಣ್ಣಜ್ಜ ಓಡಿಹೋಗಿದ್ದು ಎಲ್ಲಿಗೆ ಎಂದು ಮಾತ್ರ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಅದನ್ನು ಹೇಳಿದ್ದು ಅಜ್ಜನ ತಂಗಿ. ಅಪ್ಪನಿಗೆ ಸೋದರತ್ತಿ, ನಮಗೆಲ್ಲ ಆಯಿ. ಕೊಟ್ಟ ಊರು ದೂರ, ಯಾರೂ ಅವಳನ್ನು ಈ ವಿಷಯದಲ್ಲಿ ಮಾತಾಡಿಸಿರಲಿಲ್ಲ. ಹೆಳವರು ಓದಿದ ಹೆಸರುಗಳನ್ನು ಬರೆದುಕೊಂಡು, ಮಧ್ಯದ ಊರುಗಳ ಹೆಸರು ಕೇಳೋಣ ಎಂದು ನಾನು ಅವಳಲ್ಲಿಗೆ ಹೋಗಿದ್ದೆ. ಆಯಿ ಊರಿನ ಹೆಸರು ಬಿಟ್ಟು ಆ ವರ್ಷದ ಮಾತು ತೆಗೆದಳು.

"ಅವ ಆಗ ಸೊಲ್ಲಾಪುರದಾಗ ಮಿಲ್ಲಿನ್ಯಾಗ ಇದ್ನೋ ತಮ್ಮಾ. ಬರಗಾಲ ಬಿದ್ದಾಗ ಹ್ವಾದವ. ಯಾರು ಬಿತ್ತತಾರೊ ಅವರ ಹೆಸರಿಲೆ ಅರ್ಜಿ ಅಂದ್ರು, ಹಂಗಂತ ದೊಡ್ಡಣ್ಣನ ಹೆಸರು ಬಿತ್ತು. ರೊಕ್ಕ ಕಟ್ಟೋದಿತ್ತಲ್ಲ, ಅದು ಸೊಲ್ಲಾಪುರದಿಂದ ಬಂದದ್ದು."

ಸೊಲ್ಲಾಪುರದ ಬಟ್ಟೆ ಗಿರಣಿಗಳಿಗೆ ನಮ್ಮ ಕಡೆಯಿಂದ ಜನ ಹೋಗುವುದು ಹೊಸದೇನಲ್ಲ. 1972ರ ಬರ ಮಹಾರಾಷ್ಟ್ರದ ಆ ಭಾಗವನ್ನೂ ಉತ್ತರ ಕರ್ನಾಟಕವನ್ನೂ ಒಟ್ಟಿಗೇ ಹಿಂಡಿತ್ತು. ಒಬ್ಬ ಹೊಲದಲ್ಲಿ ಉಳಿಯುವುದು, ಒಬ್ಬ ಪಗಾರಕ್ಕೆ ಹೋಗುವುದು ಎಷ್ಟೋ ಮನೆಗಳ ಲೆಕ್ಕಾಚಾರವಾಗಿತ್ತು. ಸ್ವಂತ ಸಾಗುವಳಿ ಮಾಡುತ್ತಿದ್ದೇನೆ ಎಂದು ತೋರಿಸಬೇಕಾದ ಕಾಯ್ದೆಯಲ್ಲಿ ಸೊಲ್ಲಾಪುರದಲ್ಲಿದ್ದವನ ಹೆಸರು ಬರೆಸಿದ್ದರೆ ಅರ್ಜಿಯೇ ಬಿದ್ದುಹೋಗುವ ಭಯ ಇತ್ತು. ಅಜ್ಜ ಕದಿಯಲಿಲ್ಲ, ಸಣ್ಣಜ್ಜ ಓಡಿಹೋಗಲಿಲ್ಲ.

ಬಾಯಿಮಾತು ಸಾಕೇ? ಸಾಲದು. ನ್ಯಾಯಮಂಡಳಿಯ ಹಳೆಯ ಕಡತದ ನಕಲಿಗೆ ಅರ್ಜಿ ಹಾಕಿದೆ, ನಾಲ್ಕು ತಿಂಗಳು ಅಲೆದೆ. ಸಿಕ್ಕಿದ್ದು ಮೂರು ಹಾಳೆ. ಅದರಲ್ಲಿ ಅಜ್ಜನ ಹೇಳಿಕೆ: ಹೊಲ ತಮ್ಮ ಏಕತ್ರ ಕುಟುಂಬದ್ದು, ತಾನು ಮತ್ತು ತಮ್ಮ ಕೂಡಿ ಮಾಡುತ್ತ ಬಂದದ್ದು ಎಂದು. ಕೆಳಗೆ ಹೆಬ್ಬೆಟ್ಟು. ಇತ್ತ ಕಾಕಾನ ಮನೆಯ ಟ್ರಂಕಿನಲ್ಲಿ ಮನಿಆರ್ಡರ್ ರಸೀತಿಗಳಿದ್ದವು, ಪಡೆಯುವವರ ಜಾಗದಲ್ಲಿ ನನ್ನ ಅಜ್ಜನ ಹೆಸರು. ಅದು ಮನೆಖರ್ಚಿನ ದುಡ್ಡೆಂದು ಅವರು ತಿಳಿದಿದ್ದರು. ಅರ್ಧ ಚರಿತ್ರೆ ಒಂದು ಮನೆಯಲ್ಲಿ, ಇನ್ನರ್ಧ ಇನ್ನೊಂದು ಮನೆಯಲ್ಲಿ ಇಷ್ಟು ವರ್ಷ ಬಿದ್ದಿತ್ತು.

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಇದೇ ಸಂಗತಿಯನ್ನು ಮಕ್ಕಳ ಕಡೆಯಿಂದ ನೋಡಿದವರು. ಅಜ್ಜ ಅಜ್ಜಿ ಎಲ್ಲಿ ಬೆಳೆದರು, ಅಪ್ಪ ಅವ್ವ ಹೇಗೆ ಭೇಟಿಯಾದರು ಎಂಬಂಥ 20 ಪ್ರಶ್ನೆ ಕೇಳಿದರು. ಹೆಚ್ಚು ಉತ್ತರ ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸ ಹೆಚ್ಚಿತ್ತು, ಆ ಮನೆಗಳೂ ಹೆಚ್ಚು ಹೊಂದಿಕೊಂಡು ನಡೆಯುತ್ತಿದ್ದವು. ಉತ್ತರಗಳನ್ನು ಬಾಯಿಪಾಠ ಮಾಡಿಸಿದರೆ ಇದು ಬರುವುದಿಲ್ಲ ಎಂದೂ ಅವರೇ ಎಚ್ಚರಿಸಿದ್ದಾರೆ. ಆ ಕಥೆಗಳನ್ನು ಹೇಳಲು ಮನೆಯವರು ಕೂಡಿ ಕುಳಿತುಕೊಳ್ಳುವುದರಲ್ಲೇ ಅದರ ಬಲ ಇರುವುದು. ಅದು ನಮ್ಮ ಕಟ್ಟೆಯ ಮೇಲೂ ನಿಜ. ಆ ಮೂರು ಹಾಳೆಗಳನ್ನೇ ಮೊದಲು ವಕೀಲರ ಕೈಗೆ ಕೊಟ್ಟಿದ್ದರೆ ಅವು ದಾವೆಯ ಪುರಾವೆಯಾಗಿ ಇನ್ನೂ ಹತ್ತು ವರ್ಷ ಎಳೆಯುತ್ತಿದ್ದವು. ಆಯಿಯನ್ನು ಕರೆತಂದು, ಎರಡೂ ಮನೆಯವರನ್ನು ಒಂದು ಮಧ್ಯಾಹ್ನ ಕೂಡಿಸಿ ಓದಿದ್ದರಿಂದ "ಯಾರ ಹೊಲ" ಎಂಬ ಪ್ರಶ್ನೆಗೆ ಮೊದಲು "ಆ ವರ್ಷ ಏನಾಗಿತ್ತು" ಎಂಬ ಪ್ರಶ್ನೆ ಬಂತು. ದೊಡ್ಡ ಕಾಕಾ ಬಹಳ ಹೊತ್ತು ಸುಮ್ಮನಿದ್ದು, "ಅಪ್ಪ ಸೊಲ್ಲಾಪುರದಾಗ ಒಂದ್ಹೊತ್ತು ಉಂಡು ಕಳಿಸ್ಯಾನ ಹಂಗಾರ" ಎಂದರು. ಅಪ್ಪ ಒಳಗೆ ಹೋಗಿ ನೀರು ತಂದುಕೊಟ್ಟರು. ಆ ಮನೆಯವರು ನಮ್ಮ ಮನೆಯ ನೀರು ಕುಡಿದು 19 ವರ್ಷವಾಗಿತ್ತು.

ಎಲ್ಲರೂ ಒಪ್ಪಿದರು ಎಂದು ಬರೆದರೆ ಸುಳ್ಳಾಗುತ್ತದೆ. ಸಣ್ಣ ಕಾಕಾ ಇನ್ನೂ ದೂರವೇ. 19 ವರ್ಷದ ಬೆಳೆಯ ಲೆಕ್ಕ ಯಾರು ಕೊಡುತ್ತೀರಿ ಎನ್ನುತ್ತಾರೆ, ಆ ಪ್ರಶ್ನೆಗೆ ಹಳೆಯ ಕಾಗದದಲ್ಲಿ ಉತ್ತರವಿಲ್ಲ. ಕೆದಕಿದರೆ ನೋವೇ ಹೆಚ್ಚಾಗುವ ಮನೆಗಳೂ ಇವೆ. ಮುಚ್ಚಿಟ್ಟ ಎರಡನೇ ಸಂಸಾರ, ಬರದಲ್ಲಿ ಬಿಟ್ಟುಬಂದ ಕೂಸು, ಜೀತಕ್ಕಿಟ್ಟ ತಮ್ಮ, ಇವೆಲ್ಲ ಹೊರಬರುತ್ತವೆ. ಹಿರಿಯರೊಬ್ಬರು ಜೊತೆಗಿಲ್ಲದೆ ಅದಕ್ಕೆ ಕೈಹಾಕುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಕೊರತೆಯೂ ಇದೆ. ಹೆಳವರ ಪುಸ್ತಕದಲ್ಲಿ ನಮ್ಮ ಮನೆತನದ ಪುಟಗಳ ತುಂಬ ಗಂಡಸರು, ಅಲ್ಲಲ್ಲಿ ಅವರ ಹೆಂಡಂದಿರು. ಮನೆ ಮಗಳಾದ ಆಯಿ ಅದರಲ್ಲಿಲ್ಲ. ಉತಾರದಲ್ಲೂ ಇಲ್ಲ. ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದ ಪಾಲುದಾರರೆಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತು, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ನಾಡಕಚೇರಿಯ ವಂಶವೃಕ್ಷದಲ್ಲಿ ಈಗ ಹೆಣ್ಣುಮಕ್ಕಳ ಹೆಸರೂ ಬರಬೇಕು. ಆದರೂ "ಅಕ್ಕತಂಗೇರದು ಬ್ಯಾಡ ಬಿಡ್ರಿ" ಎನ್ನುವ ಮಾತು ಕಚೇರಿ ಬಾಗಿಲಲ್ಲೇ ಕೇಳುತ್ತದೆ. ನಮ್ಮ ಎರಡು ಮನೆಗಳ ಗಂಟು ಬಿಚ್ಚಿದ್ದು ಯಾವ ಪುಸ್ತಕದಲ್ಲೂ ಹೆಸರಿಲ್ಲದವಳು.

ಈ ಸಲ ಹೆಳವರು ಬಂದಾಗ ಆಯಿಯ ಹೆಸರು ಸೇರಿಸಲು ಕೇಳಿದೆವು. ಅವರು ಸ್ವಲ್ಪ ಯೋಚಿಸಿ, ಅಜ್ಜನ ಸಾಲಿನ ಪಕ್ಕದ ಅಂಚಿನಲ್ಲಿ ಸಣ್ಣಗೆ ಬರೆದರು. ಹಾಗಾದರೆ ಅವಳ ಅವ್ವ, ಅವ್ವನ ಅಕ್ಕತಂಗಿಯರ ಹೆಸರು ಏನು ಎಂದು ಕೇಳಿದರು. ಅದಕ್ಕೆ ಇನ್ನೊಮ್ಮೆ ಆಯಿಯ ಊರಿಗೆ ಹೋಗಬೇಕು. ಅವಳಿಗೀಗ 88.