ಎಗ್ಮೋರಿನ ಶಿಲಾಸ್ತಂಭ: ಸಂಗ್ರಹ ಮತ್ತು ವಿಶ್ವಸ್ತಧರ್ಮ

ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವುದು ಶ್ರಾವಕನ ಅಣುವ್ರತಗಳಲ್ಲೊಂದು. ವಸ್ತುಸಂಗ್ರಹಾಲಯವಾದರೋ ತನ್ನ ಹೆಸರಿನಲ್ಲಿಯೇ ಸಂಗ್ರಹವನ್ನು ಹೊತ್ತ ಸಂಸ್ಥೆ. ಇವೆರಡೂ ಪರಸ್ಪರ ವಿರುದ್ಧವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಸಂಗ್ರಹಿಸಿದವನು ವಸ್ತುವಿಗೆ ಒಡೆಯನೋ, ವಿಶ್ವಸ್ತನೋ ಎಂದು ಕೇಳಿದಾಗ ವಿಚಾರವು ಬೇರೆ ರೂಪ ತಾಳುತ್ತದೆ. ಚೆನ್ನೈ ನಗರದ ಎಗ್ಮೋರಿನಲ್ಲಿರುವ ಸರಕಾರಿ ವಸ್ತುಸಂಗ್ರಹಾಲಯದ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನ.

ಮದರಾಸಿನಲ್ಲಿ 1851ರಲ್ಲಿ ಈ ಸಂಸ್ಥೆ ಆರಂಭವಾದಾಗ ಅದರ ಹೊಣೆ ಹೊತ್ತವನು ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯ. ಮದರಾಸು ಲಿಟರರಿ ಸೊಸೈಟಿಯಿಂದ ಬಂದ ಶಿಲಾ ಖನಿಜಗಳ ಮಾದರಿಗಳೇ ಅದರ ಮೊದಲ ಬಂಡವಾಳ. ಮುಂದೆ ಪ್ರಾಣಿ, ಪಕ್ಷಿ, ಸಸ್ಯ, ನಾಣ್ಯ, ಕಂಚಿನ ಪ್ರತಿಮೆ, ಅಮರಾವತಿಯ ಬೌದ್ಧಶಿಲ್ಪ ಎಲ್ಲವೂ ಅಲ್ಲಿ ಸೇರಿದವು. 1904ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಅವರ ಪ್ರಾಗೈತಿಹಾಸಿಕ ಸಂಗ್ರಹವನ್ನು ಮದರಾಸು ಸರಕಾರವು ಕೊಂಡು ಇಲ್ಲಿರಿಸಿತು. ಬಳ್ಳಾರಿ ಸೀಮೆಯ ಕಲ್ಲಿನ ಆಯುಧಗಳೂ ಅದರಲ್ಲಿವೆ. ಫುಟ್ ಅವರು ವಸ್ತುಗಳು ದೊರೆತ ಸ್ಥಳಗಳನ್ನು ಗುರುತಿಸಿಟ್ಟು ಪಟ್ಟಿಯನ್ನು ಸಿದ್ಧಪಡಿಸಿದ್ದರು. ಊರಿನ ಹೆಸರು ಅಳಿದಿದ್ದರೆ ಅವು ಬರಿಯ ಕಲ್ಲಿನ ಚೂರುಗಳಾಗಿ ಉಳಿಯುತ್ತಿದ್ದವು.

ಜೈನರಿಗೆ ಹೆಚ್ಚು ಹತ್ತಿರವಾದುದು ದಾನವುಲಪಾಡಿನ ಕಥೆ. ನಂದಿಬೆಟ್ಟದ ಕಡೆಯಿಂದ ಹರಿದುಹೋಗುವ ಉತ್ತರ ಪಿನಾಕಿನಿಯ ದಂಡೆಯಲ್ಲಿ, ಕಡಪಾ ಜಿಲ್ಲೆಯಲ್ಲಿರುವ ಈ ಊರಿನ ಬಸದಿಯು ಮರಳಿನಲ್ಲಿ ಹೂತುಹೋಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲೆಕ್ಸಾಂಡರ್ ರೀ ನಡೆಸಿದ ಉತ್ಖನನದಿಂದ ಅದು ಬೆಳಕಿಗೆ ಬಂದಿತು. ರಾಷ್ಟ್ರಕೂಟ ದೊರೆ ನಿತ್ಯವರ್ಷನು, ಎಂದರೆ ಮೂರನೆಯ ಇಂದ್ರನು, ಶಾಂತಿನಾಥನ ಅಭಿಷೇಕಕ್ಕಾಗಿ ಮಾಡಿಸಿದ ಪೀಠದ ಶಾಸನ ಅಲ್ಲಿ ದೊರೆಯಿತು. ದಂಡನಾಯಕ ಶ್ರೀವಿಜಯನ ಸ್ತಂಭವೂ ಅಲ್ಲಿಯದೇ. ಅದು ಈಗ ಎಗ್ಮೋರಿನಲ್ಲಿದೆ. ರಣದಲ್ಲಿ ಕೀರ್ತಿ ಗಳಿಸಿ, ಕೊನೆಗೆ ಲೋಕವ್ಯವಹಾರವನ್ನೇ ತೊರೆದು ಸಂನ್ಯಸನವನ್ನು ಕೈಗೊಂಡ ವೀರನ ಸ್ಮಾರಕವದು.

ಎಲ್ಲವನ್ನೂ ತ್ಯಜಿಸಿದವನ ಸ್ತಂಭವೇ ಸಂಗ್ರಹದ ವಸ್ತುವಾಯಿತಲ್ಲ ಎಂದು ಧರ್ಮಬಂಧುಗಳ ಮನಸ್ಸು ನೋಯಬಹುದು. ನೋವು ಸಹಜವೇ, ಇಂತಹ ಸ್ಮಾರಕಕ್ಕೆ ಅದರ ಸ್ಥಳವೇ ಜೀವ. ಆದರೂ ಯಾವ ಊರಿನಿಂದ ಬಂದಿತು, ಯಾರ ನೆನಪಿಗೆ ನಿಂತಿತು ಎಂಬ ದಾಖಲೆ ಉಳಿದುದರಿಂದಲೇ ದಾನವುಲಪಾಡು ಇಂದಿಗೂ ಜೈನ ಚರಿತ್ರೆಯಲ್ಲಿ ಜೀವಂತವಾಗಿದೆ. ಪ್ರಾಣಿವಿಭಾಗದ ನಿರ್ಜೀವ ದೇಹಗಳ ವಿಷಯದಲ್ಲಿಯೂ ಇದೇ ಮಾತು. ಅಹಿಂಸಾವ್ರತಿಗೆ ಅವು ಕುತೂಹಲದ ಬೊಂಬೆಗಳಲ್ಲ. ಯಾವ ಜೀವಿ ಎಲ್ಲಿ ಬಾಳಿತ್ತೆಂದು ಹೇಳುವ ಸಾಕ್ಷಿಗಳು. ಆ ಸಾಕ್ಷ್ಯವು ಬದುಕಿರುವ ಜೀವಿಗಳ ರಕ್ಷಣೆಗೆ ಒದಗದಿದ್ದರೆ ಅವುಗಳ ಸಂಗ್ರಹಕ್ಕೆ ಸಮರ್ಥನೆಯಿಲ್ಲ.

ಈ ಪ್ರಶ್ನೆ ಎಗ್ಮೋರಿನಲ್ಲಿಯೇ ನಿಲ್ಲುವುದಿಲ್ಲ. ಬಸದಿಗಳ ಜೀರ್ಣೋದ್ಧಾರವೆಂದರೆ ಪುಣ್ಯಕಾರ್ಯ. ಆದರೆ ಅದರ ಉತ್ಸಾಹದಲ್ಲಿ ಶಾಸನದ ಅಕ್ಷರಗಳ ಮೇಲೆ ಬಣ್ಣ ಬಳಿದರೆ, ಭಿನ್ನವಾದ ಬಿಂಬವನ್ನು ಯಾರಿಗೂ ತಿಳಿಯದಂತೆ ಹೊರಗೆ ಸಾಗಿಸಿದರೆ, ದಾನಿಯ ಹೆಸರೂ ಶಿಲ್ಪಿಯ ಶ್ರಮವೂ ಒಟ್ಟಿಗೆ ಅಳಿಯುತ್ತವೆ. ಪ್ರತಿಯೊಂದು ಬಿಂಬ, ಓಲೆಗರಿ, ಶಾಸನಗಳ ಅಳತೆ, ಛಾಯಾಚಿತ್ರ ಮತ್ತು ಇರುವ ಸ್ಥಳವನ್ನು ಪುಸ್ತಕವೊಂದರಲ್ಲಿ ಬರೆದಿಡುವುದು ಆಡಳಿತ ಮಂಡಳಿಗೆ ಭಾರವಾಗದು. ನಿರ್ದಿಷ್ಟ ಬಗೆಯ ಪುರಾತನ ವಸ್ತುಗಳನ್ನು ನೋಂದಾಯಿಸಬೇಕೆಂದು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯೂ ವಿಧಿಸುತ್ತದೆ. ಕಳುವಾದ ಬಿಂಬವೊಂದು ಮರಳಿ ದೊರೆತಾಗ ಅದು ತಮ್ಮ ಬಸದಿಯದೆಂದು ತೋರಿಸಲು ಈ ದಾಖಲೆಯೇ ಆಧಾರ.

ಹಿರಿಯರು ಬಿಟ್ಟುಹೋದ ವಸ್ತುಗಳಿಗೆ ಇಂದಿನ ತಲೆಮಾರು ಒಡೆಯನಲ್ಲ, ಕಾವಲುಗಾರ. ಪಡೆದುದನ್ನು ಅದರ ಊರು ಹೆಸರುಗಳೊಡನೆ ಮುಂದಿನವರಿಗೆ ಒಪ್ಪಿಸುವವನ ಸಂಗ್ರಹವು ಪರಿಗ್ರಹವೆನಿಸದು.