ಕಂಪನಿಗಳಲ್ಲಿ ಹೊಸ ಷೇರುಗಳ ಹಂಚಿಕೆ: ರೈತ ಸದಸ್ಯರು ಮತ್ತು ಷೇರುದಾರರು ತಿಳಿದಿರಬೇಕಾದ ವಿಷಯಗಳು

ಪೀಠಿಕೆ

ನಂಜನಗೂಡು ಹಾಗೂ ತಿ. ನರಸೀಪುರ ತಾಲ್ಲೂಕುಗಳ ಹದಿನಾರು ಸುತ್ತಮುತ್ತಲಿನ ಗ್ರಾಮಗಳಲ್ಲಿ ಭತ್ತ, ಕಬ್ಬು ಮತ್ತು ಬಾಳೆ ಬೆಳೆಯುವ ರೈತರು ಕಂಪನಿಯ ಷೇರುದಾರರಾಗುವುದು ಬಹುಮಟ್ಟಿಗೆ ರೈತ ಉತ್ಪಾದಕರ ಕಂಪನಿಗಳ ಮೂಲಕ. 2002ರ ತಿದ್ದುಪಡಿಯಿಂದ ಕಂಪನಿ ಕಾನೂನಿನಲ್ಲಿ ಸೇರ್ಪಡೆಯಾದ ಉತ್ಪಾದಕರ ಕಂಪನಿಯ ಉಪಬಂಧಗಳು ಈಗ ಕಂಪನಿಗಳ ಅಧಿನಿಯಮ, 2013ರ 21-ಎ ಅಧ್ಯಾಯದಲ್ಲಿವೆ.

ಷೇರಿಗೆಂದು ಹಣ ಪಾವತಿಸಿ ರಸೀದಿ ಪಡೆದ ಮಾತ್ರಕ್ಕೆ ಯಾವುದೇ ವ್ಯಕ್ತಿಯು ಷೇರುದಾರನಾಗುವುದಿಲ್ಲ. ನಿರ್ದೇಶಕ ಮಂಡಲಿಯು ಹಂಚಿಕೆಯ ನಿರ್ಣಯ ಮಾಡಿ, ಆತನ ಹೆಸರನ್ನು ಸದಸ್ಯರ ರಿಜಿಸ್ಟರಿನಲ್ಲಿ ದಾಖಲಿಸಿದ ನಂತರವೇ ಮತದಾನದ ಹಕ್ಕು, ಲಾಭದಲ್ಲಿ ಪಾಲು ಮತ್ತು ವಾರಸುದಾರರ ಹಕ್ಕು ಪ್ರಾಪ್ತವಾಗುತ್ತವೆ. ಆದ್ದರಿಂದ ಹಂಚಿಕೆಯ ಕ್ರಮವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

1. ಅಧಿಕೃತ ಬಂಡವಾಳದ ಮಿತಿ

ಯಾವುದೇ ಕಂಪನಿಯು ತನ್ನ ಸಂಘಟನಾ ಜ್ಞಾಪನದಲ್ಲಿ ನಮೂದಿಸಿದ ಅಧಿಕೃತ ಬಂಡವಾಳವನ್ನು ಮೀರಿ ಷೇರು ಹಂಚುವಂತಿಲ್ಲ.

ಉದಾಹರಣೆ: ಒಂದು ಕಂಪನಿಯ ಅಧಿಕೃತ ಬಂಡವಾಳ ರೂ. 10 ಲಕ್ಷ, ತಲಾ ರೂ. 10ರ 80,000 ಷೇರುಗಳು ಈಗಾಗಲೇ ಹಂಚಿಕೆಯಾಗಿವೆ. ಇನ್ನೂ 40,000 ಷೇರು ಹಂಚಬೇಕಾದಲ್ಲಿ ಒಟ್ಟು ಬಂಡವಾಳವು ರೂ. 12 ಲಕ್ಷವಾಗುವುದರಿಂದ, ಮೊದಲು ಸಾಮಾನ್ಯ ಸಭೆಯಲ್ಲಿ ಅಧಿಕೃತ ಬಂಡವಾಳವನ್ನು ಕನಿಷ್ಠ ರೂ. 2 ಲಕ್ಷದಷ್ಟು ಹೆಚ್ಚಿಸಿ, 30 ದಿನಗಳೊಳಗೆ ನಮೂನೆ ಎಸ್‌ಎಚ್-7ರಲ್ಲಿ ಕಂಪನಿಗಳ ರಿಜಿಸ್ಟ್ರಾರರಿಗೆ ತಿಳಿಸತಕ್ಕದ್ದು.

2. ಹೊಸ ಷೇರುಗಳನ್ನು ಯಾರಿಗೆ ನೀಡಬಹುದು (ಪ್ರಕರಣ 62)

(ಅ) ಹಾಲಿ ಷೇರುದಾರರಿಗೆ: ಅವರು ಹೊಂದಿರುವ ಷೇರುಗಳ ಪ್ರಮಾಣಕ್ಕೆ ಅನುಗುಣವಾಗಿ. ಮೇಲಿನ ಉದಾಹರಣೆಯಲ್ಲಿ 100 ಷೇರು ಹೊಂದಿರುವವರಿಗೆ 50 ಹೊಸ ಷೇರುಗಳ ಪ್ರಸ್ತಾಪ ಬರತಕ್ಕದ್ದು. ಪ್ರಸ್ತಾಪ ಪತ್ರವನ್ನು ನೋಂದಾಯಿತ ಅಂಚೆ, ಸ್ಪೀಡ್ ಪೋಸ್ಟ್, ಕೊರಿಯರ್ ಅಥವಾ ಇ-ಮೇಲ್ ಮೂಲಕ ಕಳುಹಿಸಬೇಕು. ಒಪ್ಪಿಗೆ ಸೂಚಿಸಲು ಕನಿಷ್ಠ 7 ದಿನ, ಗರಿಷ್ಠ 30 ದಿನ ಕಾಲಾವಕಾಶವಿರುತ್ತದೆ. ಕಂಪನಿಯ ನಿಯಮಾವಳಿ ಬೇರೆ ರೀತಿ ಹೇಳದಿದ್ದಲ್ಲಿ, ಷೇರುದಾರರು ಈ ಹಕ್ಕನ್ನು ಮತ್ತೊಬ್ಬರಿಗೆ ಬಿಟ್ಟುಕೊಡಬಹುದು.

(ಆ) ನೌಕರರಿಗೆ: ವಿಶೇಷ ನಿರ್ಣಯದ ಮೂಲಕ, ನೌಕರರ ಷೇರು ಯೋಜನೆಯಡಿ.

(ಇ) ಇತರ ವ್ಯಕ್ತಿಗಳಿಗೆ: ವಿಶೇಷ ನಿರ್ಣಯ ಮತ್ತು ನೋಂದಾಯಿತ ಮೌಲ್ಯಮಾಪಕರ ವರದಿಯ ಆಧಾರದ ಮೇಲೆ ನಿಗದಿಪಡಿಸಿದ ಬೆಲೆಗೆ.

ಸಾಮಾನ್ಯ ಕಂಪನಿಯಲ್ಲಿ ಮತದ ಬಲವು ಷೇರಿನ ಸಂಖ್ಯೆಯನ್ನು ಅವಲಂಬಿಸಿದೆ. ಪ್ರಸ್ತಾಪಕ್ಕೆ ಅವಧಿಯೊಳಗೆ ಉತ್ತರಿಸದ ಷೇರುದಾರರ ಪಾಲು ಕುಗ್ಗುವುದರಿಂದ, ಪತ್ರ ಬಂದ ಕೂಡಲೇ ಓದಿ ತೀರ್ಮಾನಿಸುವುದು ಸೂಕ್ತ.

3. ಖಾಸಗಿ ಹಂಚಿಕೆಯ ಷರತ್ತುಗಳು (ಪ್ರಕರಣ 42)

ಆಯ್ದ ವ್ಯಕ್ತಿಗಳಿಗೆ ಮಾತ್ರ ಷೇರು ನೀಡುವಾಗ ಈ ಕೆಳಕಂಡ ಷರತ್ತುಗಳು ಅನ್ವಯಿಸುತ್ತವೆ:

- ಹಣವನ್ನು ಚೆಕ್, ಡಿಮ್ಯಾಂಡ್ ಡ್ರಾಫ್ಟ್ ಅಥವಾ ಇತರ ಬ್ಯಾಂಕ್ ಮಾರ್ಗದಲ್ಲಿ ಮಾತ್ರ ಪಾವತಿಸತಕ್ಕದ್ದು; ನಗದು ಸಲ್ಲದು.
- ಹಣವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇರಿಸತಕ್ಕದ್ದು.
- ಹಣ ಸ್ವೀಕರಿಸಿದ 60 ದಿನಗಳೊಳಗೆ ಷೇರು ಹಂಚತಕ್ಕದ್ದು. ತಪ್ಪಿದಲ್ಲಿ ಮುಂದಿನ 15 ದಿನಗಳೊಳಗೆ ಹಣ ಹಿಂದಿರುಗಿಸಬೇಕು. ಅದೂ ಆಗದಿದ್ದಲ್ಲಿ 60ನೇ ದಿನ ಮುಗಿದಂದಿನಿಂದ ವಾರ್ಷಿಕ ಶೇ. 12ರ ಬಡ್ಡಿ ಸೇರಿಸಿ ಕೊಡಬೇಕು.
- ಹಂಚಿಕೆಯಾದ 15 ದಿನಗಳೊಳಗೆ ನಮೂನೆ ಪಿಎಎಸ್-3ರಲ್ಲಿ ವಿವರ ಸಲ್ಲಿಸಬೇಕು. ಅಲ್ಲಿಯವರೆಗೆ ಆ ಹಣವನ್ನು ಕಂಪನಿಯು ಬಳಸುವಂತಿಲ್ಲ.

ಇತರ ಹಂಚಿಕೆಗಳಲ್ಲಿ ಪಿಎಎಸ್-3 ಸಲ್ಲಿಸಲು 30 ದಿನಗಳ ಅವಧಿ ಇರುತ್ತದೆ.

4. ಷೇರು ಪ್ರಮಾಣಪತ್ರ

ಕಾಗದ ರೂಪದಲ್ಲಿ ಷೇರು ನೀಡುವ ಕಂಪನಿಯು ಹಂಚಿಕೆಯ ದಿನಾಂಕದಿಂದ 2 ತಿಂಗಳೊಳಗೆ ನಮೂನೆ ಎಸ್‌ಎಚ್-1ರಲ್ಲಿ ಪ್ರಮಾಣಪತ್ರ ನೀಡತಕ್ಕದ್ದು. ಹೆಸರು, ಷೇರುಗಳ ಕ್ರಮಸಂಖ್ಯೆ ಹಾಗೂ ಪಾವತಿಸಿದ ಮೊತ್ತವನ್ನು ಪರಿಶೀಲಿಸಿಯೇ ಸ್ವೀಕರಿಸುವುದು.

5. ರೈತ ಉತ್ಪಾದಕರ ಕಂಪನಿಗಳ ವಿಶೇಷ ನಿಯಮಗಳು

- ಈ ಕಂಪನಿಗಳಲ್ಲಿ ಈಕ್ವಿಟಿ ಷೇರುಗಳು ಮಾತ್ರ ಇರುತ್ತವೆ. ಸದಸ್ಯರ ಸಂಖ್ಯೆಗೆ ಗರಿಷ್ಠ ಮಿತಿ ಇಲ್ಲ.
- ಸದಸ್ಯರೆಲ್ಲರೂ ವ್ಯಕ್ತಿಗಳೇ ಆಗಿರುವ ಕಂಪನಿಯಲ್ಲಿ, ಎಷ್ಟೇ ಷೇರು ಇದ್ದರೂ ಒಬ್ಬರಿಗೆ ಒಂದೇ ಮತ.
- ಉತ್ಪನ್ನದ ಬೆಲೆಯಲ್ಲಿ ಕಂಪನಿಯು ತಡೆಹಿಡಿದ ಭಾಗವನ್ನು ನಂತರ ನಗದಾಗಿ, ವಸ್ತುರೂಪದಲ್ಲಿ ಅಥವಾ ಷೇರುಗಳ ಹಂಚಿಕೆಯ ಮೂಲಕ ಸದಸ್ಯರಿಗೆ ನೀಡಬಹುದು. ಹೀಗಾಗಿ ಉತ್ಪನ್ನ ಸರಬರಾಜು ಮಾಡಿದ ಚೀಟಿಗಳನ್ನು ಕಾಯ್ದಿರಿಸಿಕೊಳ್ಳುವುದು ಅವಶ್ಯ.
- ಮಂಡಲಿಯ ಶಿಫಾರಸು ಮತ್ತು ಸಾಮಾನ್ಯ ಸಭೆಯ ನಿರ್ಣಯದ ಮೇರೆಗೆ ಮೀಸಲು ನಿಧಿಯಿಂದ ಬೋನಸ್ ಷೇರು ನೀಡಬಹುದು.
- ಸದಸ್ಯರಾದ 3 ತಿಂಗಳೊಳಗೆ ನಾಮನಿರ್ದೇಶನ ಮಾಡತಕ್ಕದ್ದು. ಸದಸ್ಯರು ಮರಣ ಹೊಂದಿದಲ್ಲಿ ಷೇರಿನ ಹಕ್ಕುಗಳು ನಾಮನಿರ್ದೇಶಿತರಿಗೆ ಸೇರುತ್ತವೆ.
- ಷೇರುಗಳನ್ನು ಮಂಡಲಿಯ ಪೂರ್ವಾನುಮತಿ ಪಡೆದು, ಮುಖಬೆಲೆಗೆ, ಸಕ್ರಿಯ ಸದಸ್ಯರಿಗೆ ಮಾತ್ರ ವರ್ಗಾಯಿಸಬಹುದು.

2020ರಲ್ಲಿ ಆರಂಭವಾದ 10,000 ರೈತ ಉತ್ಪಾದಕರ ಸಂಸ್ಥೆಗಳ ಕೇಂದ್ರ ಯೋಜನೆಯ ಮಾರ್ಗಸೂಚಿಯು ಪ್ರತಿ ರೈತ ಸದಸ್ಯನಿಗೆ ರೂ. 2,000ದವರೆಗೆ, ಸಂಸ್ಥೆಯೊಂದಕ್ಕೆ ಗರಿಷ್ಠ ರೂ. 15 ಲಕ್ಷದವರೆಗೆ ಸಮಾನ ಈಕ್ವಿಟಿ ಅನುದಾನಕ್ಕೆ ಅವಕಾಶ ಕಲ್ಪಿಸಿತು. ಈ ಅನುದಾನವು ಸದಸ್ಯರ ಷೇರು ಹಣವನ್ನು ಆಧರಿಸಿರುವುದರಿಂದ, ರಿಜಿಸ್ಟರಿನಲ್ಲಿ ಹೆಸರು ಇಲ್ಲದ ರೈತರು ಇದರ ಪ್ರಯೋಜನದಿಂದಲೂ ವಂಚಿತರಾಗುವ ಸಂಭವವಿದೆ.

6. ತಮ್ಮ ಹೆಸರು ದಾಖಲಾಗಿದೆಯೇ ಎಂದು ತಿಳಿಯುವ ಬಗೆ

ಪಿಎಎಸ್-3 ನಮೂನೆಯೊಂದಿಗೆ ಷೇರು ಪಡೆದವರ ಪಟ್ಟಿಯನ್ನು ಲಗತ್ತಿಸಲಾಗುತ್ತದೆ. ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನಿಗದಿತ ಶುಲ್ಕ ಪಾವತಿಸಿ ಯಾರು ಬೇಕಾದರೂ ಇದನ್ನು ಪರಿಶೀಲಿಸಬಹುದು. ಕಂಪನಿಗಳ ನೋಂದಣಿಯು ಕೇಂದ್ರ ಸರ್ಕಾರದ ವಿಷಯವಾಗಿದ್ದು, ತಾಲ್ಲೂಕು ಕಚೇರಿ ಅಥವಾ ನಾಡಕಚೇರಿಗಳಲ್ಲಿ ಈ ದಾಖಲೆಗಳು ದೊರೆಯುವುದಿಲ್ಲ. ಕಂಪನಿಗಳ ರಿಜಿಸ್ಟ್ರಾರರ ಕಚೇರಿಯು ಬೆಂಗಳೂರಿನ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ.

7. ಷೇರು ದೊರೆಯದಿದ್ದಲ್ಲಿ ಪರಿಹಾರ

1. ರಸೀದಿ ಹಾಗೂ ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಯೊಂದಿಗೆ ಕಂಪನಿಯ ನೋಂದಾಯಿತ ಕಚೇರಿಗೆ ಲಿಖಿತ ಮನವಿ ಸಲ್ಲಿಸಿ, ಸ್ವೀಕೃತಿ ಪಡೆಯುವುದು.
2. ಉತ್ತರ ಬಾರದಿದ್ದಲ್ಲಿ ಸಚಿವಾಲಯದ ಜಾಲತಾಣದ ಮೂಲಕ ರಿಜಿಸ್ಟ್ರಾರರಿಗೆ ದೂರು ಸಲ್ಲಿಸುವುದು.
3. ಸಕಾರಣವಿಲ್ಲದೆ ಹೆಸರನ್ನು ರಿಜಿಸ್ಟರಿನಿಂದ ಕೈಬಿಟ್ಟಿದ್ದಲ್ಲಿ, ಪ್ರಕರಣ 59ರಡಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ ಅರ್ಜಿ ಸಲ್ಲಿಸಬಹುದು.
4. ಉತ್ಪಾದಕರ ಕಂಪನಿಯ ರಚನೆ, ಆಡಳಿತ ಅಥವಾ ವ್ಯವಹಾರದ ಕುರಿತು ಸದಸ್ಯರಲ್ಲಿ ಉದ್ಭವಿಸುವ ವಿವಾದಗಳನ್ನು ರಾಜಿ ಸಂಧಾನ ಅಥವಾ ಮಧ್ಯಸ್ಥಿಕೆಯ ಮೂಲಕ ಇತ್ಯರ್ಥಪಡಿಸಲು ಕಾನೂನಿನಲ್ಲಿ ಅವಕಾಶವಿದೆ.

ಸೂಚನೆ: ಹಣ ಪಾವತಿಸಿದ ರಸೀದಿ, ಹಂಚಿಕೆ ಪತ್ರ, ಷೇರು ಪ್ರಮಾಣಪತ್ರ ಮತ್ತು ನಾಮನಿರ್ದೇಶನದ ಪ್ರತಿ, ಈ ನಾಲ್ಕನ್ನೂ ಜಮೀನಿನ ಪಹಣಿಯಷ್ಟೇ ಜೋಪಾನವಾಗಿ ಇರಿಸಿಕೊಳ್ಳಲು ಕೋರಲಾಗಿದೆ. ಈ ಮಾಹಿತಿಯು ಮಾರ್ಗದರ್ಶನಕ್ಕಾಗಿ ಮಾತ್ರ. ಅಧಿನಿಯಮ ಮತ್ತು ನಿಯಮಗಳ ಮೂಲ ಪಾಠವೇ ಅಂತಿಮ.