ಪಕ್ಕದವರು ಯಾರು? ರಾಯಪುರಂ ಸ್ಟೇಷನ್ನಿಂದ ಅಜ್ಜನ ಲೆಕ್ಕದ ಪುಸ್ತಕದವರೆಗೆ

ಇವತ್ತಿನ ಮಾತು ನಮ್ಮ ಮನೆ ಹತ್ತಿರದ ರಾಯಪುರಂ ರೈಲ್ವೆ ಸ್ಟೇಷನ್ನಿಂದ ಶುರು. 1856ರ ಜುಲೈ 1ರಂದು ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟಿದ್ದು ಇಲ್ಲಿಂದಲೇ, ವಾಲಾಜಾ ರೋಡ್ ಕಡೆಗೆ. ಆ ಹಳೇ ಕಟ್ಟಡ ಇವತ್ತಿಗೂ ನಿಂತಿದೆ.

ರೈಲ್ವೆ ನಕ್ಷೆ ನೋಡಿರ್ತೀರಿ. ಅದರಲ್ಲಿ ದೂರ, ದಿಕ್ಕು ಅಷ್ಟು ಕರಾರುವಾಕ್ಕಾಗಿ ಇರಬೇಕಿಲ್ಲ. ಯಾವ ಸ್ಟೇಷನ್ನಿಂದ ಯಾವುದಕ್ಕೆ ಹಳಿ ಇದೆ ಅಂತ ಗೊತ್ತಾದರೆ ಸಾಕು. ಚುಕ್ಕಿ ಇಟ್ಟು ಗೆರೆ ಎಳೆಯುವ ರಂಗೋಲಿ ಹಾಗೆ. ಗಣಿತದಲ್ಲಿ ಇದನ್ನೇ ಗ್ರಾಫ್ ಅಂತಾರೆ. ಸ್ಕೂಲಿನ ಗ್ರಾಫ್ ಶೀಟ್ ಬೇರೆ, ಇದು ಬೇರೆ.

ಈ ಕಥೆ ಶುರುವಾಗೋದು ಇಂದಿನ ರಷ್ಯಾದ ಕಲಿನಿನ್‌ಗ್ರಾಡ್‌ನಲ್ಲಿ. ಆಗ ಅದರ ಹೆಸರು ಕೋನಿಗ್ಸ್‌ಬರ್ಗ್. ಅಲ್ಲಿನ ಏಳು ಸೇತುವೆಗಳನ್ನು ತಲಾ ಒಂದೇ ಸಲ ದಾಟಿ ಊರು ಸುತ್ತಬಹುದಾ? ಆಗೋದಿಲ್ಲ ಅಂತ 1730ರ ದಶಕದಲ್ಲಿ ಆಯ್ಲರ್ ತೋರಿಸಿದ. ಅದೇ ಊರಲ್ಲಿ 1824ರಲ್ಲಿ ಹುಟ್ಟಿದ ಕಿರ್ಕಾಫ್, 1847ರಲ್ಲಿ ವಿದ್ಯುತ್ ಸರ್ಕ್ಯೂಟುಗಳನ್ನು ಇಂಥದ್ದೇ ಚುಕ್ಕಿ-ಗೆರೆಗಳಾಗಿ ನೋಡಿದ. ಇವತ್ತು ಗ್ರಾಫ್ ಲ್ಯಾಪ್ಲಾಸಿಯನ್ ಅನ್ನೋ ಮ್ಯಾಟ್ರಿಕ್ಸ್‌ನ ಬೇರು ಅಲ್ಲಿದೆ. ಅದು ಪ್ರತಿ ಚುಕ್ಕಿಗೂ ಕೇಳೋದು ಒಂದೇ ಪ್ರಶ್ನೆ: ನೀನು ನಿನ್ನ ಪಕ್ಕದವರಿಗಿಂತ ಎಷ್ಟು ಬೇರೆ?

ಇದಕ್ಕೂ ಸಿಗ್ನಲ್‌ಗೂ ಏನು ಸಂಬಂಧ? ಧ್ವನಿಯ ಸಿಗ್ನಲ್ ಕ್ಯೂನಲ್ಲಿ ನಿಂತ ಸಂಖ್ಯೆಗಳು. ಚಿತ್ರ ಅಂದರೆ ಚೌಕುಳಿಯಲ್ಲಿ ಕೂತ ಸಂಖ್ಯೆಗಳು. ಇವನ್ನು ನಿಧಾನವಾಗಿ, ವೇಗವಾಗಿ ಏರಿಳಿಯುವ ಅಲೆಗಳಾಗಿ ಬಿಡಿಸೋಕೆ ಫೂರಿಯೇ ದಾರಿ ತೋರಿಸಿದ್ದ. ಆದರೆ ಊರಿನಲ್ಲಿ ಅಲ್ಲಲ್ಲಿ ಇಟ್ಟ ಥರ್ಮಾಮೀಟರುಗಳು ಕ್ಯೂನಲ್ಲೂ ಇಲ್ಲ, ಚೌಕುಳಿಯಲ್ಲೂ ಇಲ್ಲ. ಅಲ್ಲಿ ಅಲೆ ಅಂದ್ರೆ ಏನು? ಲ್ಯಾಪ್ಲಾಸಿಯನ್‌ನ ಐಗನ್ ವೆಕ್ಟರುಗಳೇ ಆ ಅಲೆಗಳು. ಪಕ್ಕಪಕ್ಕದ ಚುಕ್ಕಿಗಳಲ್ಲಿ ಬೆಲೆ ಹೆಚ್ಚು ಬದಲಾಗದಿದ್ದರೆ ಅದು ನಿಧಾನದ ಅಲೆ. 2013ರಲ್ಲಿ ಶುಮನ್, ನಾರಂಗ್, ಫ್ರೊಸಾರ್, ಒರ್ಟೆಗಾ, ವಾಂಡರ್‌ಗೆಯ್ನ್‌ಸ್ಟ್ ಸೇರಿ ಬರೆದ ಲೇಖನ ಈ ಹೊಸ ಕ್ಷೇತ್ರವನ್ನು ಒಂದೆಡೆ ಕಟ್ಟಿಕೊಟ್ಟಿತು.

ಚಿತ್ರ ಗುರುತಿಸುವವರು ಇದಕ್ಕೂ ಮೊದಲೇ ಈ ದಾರಿ ಹಿಡಿದಿದ್ದರು. ಜಿಯಾನ್‌ಬೊ ಶಿ ಮತ್ತು ಐಐಟಿ ಕಾನ್ಪುರದಲ್ಲಿ ಓದಿದ ಜಿತೇಂದ್ರ ಮಲಿಕ್ 2000ದಲ್ಲಿ ಪ್ರಕಟಿಸಿದ ಲೇಖನದಲ್ಲಿ ಪ್ರತಿ ಪಿಕ್ಸೆಲ್ ಒಂದು ಚುಕ್ಕಿ. ಹೋಲುವ ಪಿಕ್ಸೆಲ್‌ಗಳ ನಡುವೆ ಗಟ್ಟಿ ಗೆರೆ, ಹೋಲದವುಗಳ ನಡುವೆ ಸಡಿಲ ಗೆರೆ. ಸಡಿಲ ಗೆರೆಗಳನ್ನು ಕತ್ತರಿಸಿದರೆ ಚಿತ್ರದ ಭಾಗಗಳು ಬೇರೆಯಾಗುತ್ತವೆ.

ಈ ಗಟ್ಟಿ-ಸಡಿಲದ ಬೆಲೆ ನನಗೆ ಗೊತ್ತಾಗಿದ್ದು ಮನೆಯಲ್ಲಿ. ಅಜ್ಜನ ಲೆಕ್ಕದ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಅದರ ಕನ್ನಡ ಅಂಕಿಗಳನ್ನು ಕಂಪ್ಯೂಟರಿನಿಂದ ಓದಿಸಲು ಕೂತಿದ್ದೆ. ಕಲಿಸೋಕೆ 2019ರಲ್ಲಿ ಬಂದ ಕನ್ನಡ-ಎಂನಿಸ್ಟ್ ಇತ್ತು, ತರಬೇತಿಗೇ 60,000 ಕೈಬರಹದ ಅಂಕಿಗಳು. ಪುಟದ ತುಂಬಾ ಕಲೆ. ಕಲೆ ತೆಗೆಯಲು ಎಲ್ಲಾ ಪಕ್ಕದ ಪಿಕ್ಸೆಲ್‌ಗಳಿಗೂ ಒಂದೇ ಸಮ ಗೆರೆ ಎಳೆದು ನಯ ಮಾಡಿದೆ. ಪುಟ ಚೆನ್ನಾಗೇ ಕಂಡಿತು. ಆದರೆ ನಮ್ಮ ೧ ಅಂದರೆ ಬಾಯಿ ತೆರೆದ ಸೊನ್ನೆ ತಾನೆ? ಆ ಬಾಯಿ ಮುಚ್ಚಿಹೋಯ್ತು. ಅಜ್ಜ ಯಾರಿಗೋ ಕೊಟ್ಟ ೧೦೦ ರೂಪಾಯಿ ೦೦೦ ಆಗಿ ಬಂತು. ಅಪ್ಪ ನೋಡಿ, "ಏನೋ, ಅಜ್ಜ ಕೊಟ್ಟ ಸಾಲ ಎಲ್ಲಾ ಮನ್ನಾ ಮಾಡಿಬಿಟ್ಯಾ?" ಅಂದರು.

ಆಮೇಲೆ ಶಾಯಿಗೂ ಕಾಗದಕ್ಕೂ ನಡುವಿನ ಗೆರೆಗಳನ್ನು ಸಡಿಲ ಮಾಡಿದೆ. ಬಾಯಿ ಉಳೀತು, ೧ ವಾಪಸ್ ಬಂತು. ತೀರಾ ಮಾಸಿದ ಕೆಲವು ಅಂಕಿಗಳನ್ನು ಮಾತ್ರ ಅಪ್ಪನೇ ಓದಿದರು.

ಚೆನ್ನೈ ಸೆಕೆಗೂ ಇದೇ ಮಾತು. ಬೇಸಿಗೆ ಮಧ್ಯಾಹ್ನ ಕಡಲಗಾಳಿ ಬಂದಾಗ ರಾಯಪುರಂ ತಣ್ಣಗಾಗುತ್ತೆ, ಒಳಗಿನ ಬಡಾವಣೆಗಳು ಇನ್ನೂ ಕುದೀತಿರ್ತವೆ. ಬರೀ ದೂರ ಅಳೆದು ಗೆರೆ ಎಳೆದರೆ ಕಡಲಗಾಳಿಯೇ ಗದ್ದಲ ಅಂತ ಅಳಿಸಿಹೋಗಬಹುದು. ಲ್ಯಾಪ್ಲಾಸಿಯನ್ ನಾವು ಕೊಟ್ಟ ಗೆರೆಗಳನ್ನು ನಂಬುತ್ತೆ, ಅಷ್ಟೇ. ಪಕ್ಕದವರು ಯಾರು ಅಂತ ಹೇಳುವ ಹೊಣೆ ನಮ್ಮದು.

ನಿಮ್ಮ ಮನೆಯಲ್ಲೂ ಕನ್ನಡ ಅಂಕಿಯ ಹಳೇ ಪುಸ್ತಕ ಇದ್ದರೆ ಎಸೀಬೇಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.